ಸರಿ ಮಾಡಿ ಕೆಡಿಸಿದ ಗಿಟಾರ್

ಬೆಳಗಿನ ಐದೂಕಾಲು. ಬಾಗಿಲು ಅರ್ಧ ತೆರೆದಿದೆ, ಒಳಗೆ ದೀಪವಿಲ್ಲ. ಕಿಟಕಿಯ ಮಸುಕು ಬೆಳಕಿನಲ್ಲಿ ಮೊದಲು ಕಾಣುವುದು ಒಂದು ಜೊತೆ ಕಾಲು. ಕಪ್ಪು ಬೂಟು ಹಾಕಿಕೊಂಡು, ಮಂಡಿ ಮಡಿಸಿ, ಉದ್ದನೆಯ ಮೇಜಿನಂಥದ್ದೊಂದರ ಕೆಳಗೆ ನೆಟ್ಟಗೆ ಕೂತಿರುವ ಕಾಲು. ಕಣ್ಣು ಮೇಲೆತ್ತಿದರೆ ಸೊಂಟವಿಲ್ಲ, ಎದೆಯಿಲ್ಲ, ತಲೆಯಿಲ್ಲ. ಕುರ್ಚಿಯ ಬೆನ್ನು ಮಾತ್ರ ಇದೆ. ನಾನು ಹೊಸ್ತಿಲಲ್ಲೇ ನಿಂತುಬಿಡುತ್ತೇನೆ. ಅಷ್ಟರಲ್ಲಿ ಆ ಮೇಜು ತನ್ನಷ್ಟಕ್ಕೆ ‘ಊಂ...’ ಎಂದು ಸಣ್ಣಗೆ ನರಳುತ್ತದೆ. ಯಾರೂ ಅದನ್ನು ಮುಟ್ಟಿಲ್ಲ.

“ಒಳಗೆ ಬನ್ನಿ. ಆದ್ರೆ ನೋಡ್ಕೊಂಡು, ಅವರ ಕಾಲು ತುಳೀಬೇಡಿ,” ಎನ್ನುತ್ತದೆ ನೆಲದಿಂದ ಒಂದು ಹೆಣ್ಣುದನಿ.

ನನ್ನ ಜೀವ ಬಾಯಿಗೆ ಬಂದದ್ದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಮೇಜಿನ ಅಡಿಯಿಂದ, ಪುಟ್ಟ ಗಾಲಿಗಳ ಹಲಗೆಯ ಮೇಲೆ ಅಂಗಾತ ಮಲಗಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೊರಗೆ ಉರುಳಿ ಬಂದವರೇ ಈ ಲೇಖನದ ನಾಯಕಿ. ವಯಸ್ಸು ಐವತ್ತೇಳು. ಕತ್ತರಿಸಿದ ನರೆಗೂದಲು, ಎರಡೂ ಮೊಣಕೈಗೆ ಎಣ್ಣೆಯ ಕಲೆ. ಯಾರನ್ನು ಕಂಡರೂ ಮೊದಲು ಮೊಣಕಾಲಿನ ಅಳತೆ ಕೇಳುವ ಇವರನ್ನು ಬೀದಿಯವರೆಲ್ಲ ಮೊಣಕಾಲಕ್ಕ ಎಂದೇ ಕರೆಯುತ್ತಾರೆ. ನಾನು ಕಂಡ ಕಾಲುಗಳು ಮರದವು. ನರಳಿದ್ದು ಪೆಡಲ್ ಸ್ಟೀಲ್ ಗಿಟಾರ್. ಪಕ್ಕದ ಕಟ್ಟಡದ ನೀರಿನ ಪಂಪು ಐದೂಕಾಲಕ್ಕೆ ಶುರುವಾಗುತ್ತದೆ, ಅದರ ಗುಂಯ್ ಸದ್ದಿಗೆ ಹೊಂದುವ ತಂತಿ ಇಲ್ಲಿ ತಾನಾಗಿ ಅದುರುತ್ತದೆ ಎಂದು ಅಕ್ಕ ಸಮಾಧಾನ ಹೇಳುತ್ತಾರೆ.

“ಪಂಪು ಕೆಟ್ಟಿದ್ದ ವಾರ ಕೂಡ ನರಳ್ತಿತ್ತಲ್ಲ, ಅದನ್ನೂ ಹೇಳಿ ಅತ್ತಿಗೆ,” ಎಂದು ಒಳಕೋಣೆಯಿಂದ ಅವರ ನಾದಿನಿ ಕೂಗುತ್ತಾರೆ.

“ಚಳಿಗೆ ಕಬ್ಬಿಣ ಕುಗ್ಗುತ್ತೆ, ಅದಕ್ಕೆ ಸದ್ದು ಮಾಡುತ್ತೆ. ನೀನು ಸುತ್ತೋದು ನೋಡ್ಕೋ,” ಎನ್ನುತ್ತಾರೆ ಅಕ್ಕ. ಆದರೂ ಗಿಟಾರಿನ ಕಡೆ ಒಮ್ಮೆ ತಿರುಗಿ ನೋಡುತ್ತಾರೆ.

ಈ ವಾದ್ಯವನ್ನು ನೋಡದವರಿಗೆ ಒಂದೆರಡು ಮಾತು. ಇದನ್ನು ಎದೆಗೆ ಒರಗಿಸಿ ನುಡಿಸುವುದಿಲ್ಲ. ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲಿಸಿ, ಮುಂದೆ ಕೂತು ನುಡಿಸುತ್ತಾರೆ. ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದಪ್ಪ ಕಡ್ಡಿಯೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಮೀಟಬೇಕು. ಪಾದದ ಕೆಳಗೆ ಮೂರು ಪೆಡಲ್, ಮೊಣಕಾಲುಗಳ ಆಚೆ ಈಚೆ ಲೋಹದ ಐದು ಸನ್ನೆಕೋಲು. ಒಂದೊಂದನ್ನು ಒತ್ತಿದರೆ, ತಳ್ಳಿದರೆ, ಅಡಿಯಲ್ಲಿರುವ ಸರಳುಗಳು ಎಳೆದು ಯಾವುದೋ ತಂತಿಯ ಸ್ವರವನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ. ಮೀಟಿದ ಸ್ವರ ಅಲ್ಲೇ ಇದ್ದು ಇನ್ನೊಂದಾಗುತ್ತದೆ. ಕೇಳುವವರಿಗೆ ಯಾರೋ ಗೋಡೆಯಾಚೆ ಅಳು ನುಂಗಿಕೊಳ್ಳುತ್ತಿರುವಂತೆ ಅನ್ನಿಸುತ್ತದೆ.

“ಮೇಲೆ ಕಾಣೋದು ಬರೀ ಮುಖ. ಇದರ ಹೊಟ್ಟೆ, ಕರುಳು ಎಲ್ಲ ಅಡಿಯಲ್ಲಿದೆ. ಅಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ. ಬೆರಳೇ ನೋಡ್ಬೇಕು. ಅದಕ್ಕೇ ದೀಪ ಹಾಕಲ್ಲ,” ಎನ್ನುತ್ತಾರೆ ಅಕ್ಕ.

ಗೋಡೆಯುದ್ದಕ್ಕೂ ಇನ್ನೂ ಆರು ಜೊತೆ ಮರದ ಕಾಲು ತೂಗುತ್ತಿವೆ. ಕೆಲವಕ್ಕೆ ಬೂಟಿದೆ, ಕೆಲವು ಬರಿಗಾಲು. ಇದು ಮೊದಲು ಅವರ ತಂದೆಯ ಅಂಗಡಿ. ಕಾರ್ಖಾನೆಯಲ್ಲಿ, ರೈಲು ಹಳಿಯಲ್ಲಿ ಕಾಲು ಕಳೆದುಕೊಂಡವರಿಗೆ ಅವರು ಇಲ್ಲಿ ಕಾಲು ಮಾಡಿಕೊಡುತ್ತಿದ್ದರು. ಒಮ್ಮೆ ಎಡಗಾಲಿಲ್ಲದ ಗಿಟಾರ್ ವಾದಕನೊಬ್ಬ ಬಂದು, ಪೆಡಲ್ ಒತ್ತಲು ಆಗುವಂಥ ಕಾಲು ಬೇಕು ಎಂದ. ಒತ್ತಿ ನೋಡಲು ಗಿಟಾರನ್ನೂ ಇಲ್ಲೇ ಬಿಟ್ಟುಹೋದ. ಹತ್ತೊಂಬತ್ತರ ಹುಡುಗಿ ಅದರ ಅಡಿಗೆ ತೂರಿಕೊಂಡಳು. ತಂದೆ ತಿಂಗಳೊಳಗೆ ಕಾಲು ಮುಗಿಸಿ ಕೊಟ್ಟರು. ಮಗಳು ಮೂವತ್ತೆಂಟು ವರ್ಷವಾದರೂ ಇನ್ನೂ ಅಡಿಯಿಂದ ಹೊರಗೆ ಬಂದಿಲ್ಲ.

ಈವರೆಗೆ ತಾವೇ ಕೂಡಿಸಿ ಕಟ್ಟಿದ್ದು ಮೂವತ್ತೊಂದು ಗಿಟಾರ್. ಒಂದಕ್ಕೆ ಐದು ತಿಂಗಳು. ಎರಡು ವರ್ಷ ಒಣಗಿದ ಹಲಗೆ, ಇಪ್ಪತ್ತೆರಡು ಸರಳು, ಒಂದೊಂದು ತಂತಿಯ ತುದಿಯನ್ನೂ ಹಿಡಿದೆಳೆಯುವ ಉಕ್ಕಿನ ಒಂದೊಂದು ಬೆರಳು, ಅಕ್ಕಿಕಾಳಿನಷ್ಟು ತಿರುಗಿಸಿದರೂ ಸ್ವರ ಕದಲುವ ನೈಲಾನ್ ತಿರುಪು. ದುರಸ್ತಿಗೆ ಬಂದು ಹೋದವಕ್ಕೆ ಲೆಕ್ಕವಿಲ್ಲ. ಬೆಳಗ್ಗೆ ಐದರಿಂದ ಹನ್ನೊಂದರವರೆಗೆ ಕೆಲಸ, ಆಮೇಲೆ ಬೀದಿಯ ಸದ್ದು ಕಿವಿ ಕೆಡಿಸುತ್ತದೆ. ತಂತಿಯ ಅದುರನ್ನು ವಿದ್ಯುತ್ತಾಗಿಸುವ ಸುರುಳಿ ಸುತ್ತುವುದು ನಾದಿನಿಯ ಪಾಲು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಒಂಬತ್ತು ಸಾವಿರದ ಇನ್ನೂರು ಸುತ್ತು. ಸುತ್ತುವಾಗ ಬಾಯಲ್ಲಿ ಎಣಿಸುತ್ತಾರೆ. ಗೋಡೆಯ ಆಚೆಯಿಂದ ಬೆಳಗೆಲ್ಲ ಒಂದೇ ದನಿಯಲ್ಲಿ ಅಂಕಿಗಳು ಗೊಣಗುಟ್ಟುತ್ತಿರುತ್ತವೆ. ಎಣಿಕೆಯ ನಡುವೆ ಮನೆಗೆ ಬೆಂಕಿ ಬಿದ್ದರೂ ನಿಲ್ಲಿಸುವುದಿಲ್ಲವಂತೆ. ನನ್ನ ಅದೃಷ್ಟಕ್ಕೆ, ಈಗಿನ್ನೂ ಅವರು ಶುರು ಮಾಡಿಲ್ಲ.

ಹಾಗಾದರೆ ಈ ಕಾಲುಗಳೇಕೆ? ಪೆಡಲ್ ಸ್ಟೀಲ್ ಒಬ್ಬರ ಮೈಗೆ ಅಂಗಿಯ ಹಾಗೆ ಹೊಲಿಸಿದ್ದು. ಮೊಣಕಾಲಿನ ಸನ್ನೆ ಒಂದು ಬೆರಳು ಆಚೆಯಾದರೂ ಸೊಂಟ ನೋಯುತ್ತದೆ. ವಾದಕ ಇಡೀ ದಿನ ಇಲ್ಲಿ ಕೂತಿರಲು ಆಗುವುದಿಲ್ಲ. ಅದಕ್ಕೆ ಅವರ ಅಳತೆಯಲ್ಲಿ ಮರದ ಕಾಲನ್ನು ಜೋಡಿಸಿ, ಅವರದೇ ಹಳೆಯ ಬೂಟು ಹಾಕಿ, ಗಿಟಾರಿನ ಕೆಳಗೆ ಕೂರಿಸುತ್ತಾರೆ. ಸನ್ನೆಗಳನ್ನು ಆ ಕಾಲಿಗೆ ಹೊಂದಿಸುತ್ತಾರೆ. ತೇವದ ದಿನಗಳಲ್ಲಿ ಮರ ಉಬ್ಬಿ, ಮೊಣಕಾಲು ತಾನಾಗಿ ಸನ್ನೆಯನ್ನು ತಳ್ಳುವುದುಂಟು. ಬೆಳಗ್ಗೆ ಬಂದು ನೋಡಿದರೆ ಎರಡು ತಂತಿ ಅರ್ಧ ಸ್ವರ ಇಳಿದಿರುತ್ತವೆ.

“ಮೊದಮೊದಲು ನನಗೂ ಮೈ ಜುಮ್ಮನ್ನೋದು. ಈಗ, ಏನಪ್ಪಾ, ನಿದ್ದೆ ಬರ್ಲಿಲ್ವಾ ಅಂತ ಕೇಳಿ ಸರಿ ಮಾಡ್ತೀನಿ.”

ಗೋಡೆಯ ಮೇಲಿನ ಆರು ಜೊತೆಯಲ್ಲಿ ನಾಲ್ಕರ ಯಜಮಾನರು ಈಗ ಇಲ್ಲ. ಅಳತೆ ಮಾತ್ರ ಬದಲಾಯಿಸದೆ ಹಾಗೇ ಇಟ್ಟಿದ್ದಾರೆ. ಕಾರಣ ಕೇಳಿದರೆ, ಬಿಚ್ಚಲು ಪುರುಸೊತ್ತಾಗಲಿಲ್ಲ ಎನ್ನುತ್ತಾರೆ. ನಾನು ನಂಬಲಿಲ್ಲ.

ಇತ್ತೀಚೆಗೆ ಇನ್ನೊಂದು ಹೊಸ ನಿಯಮ ಸೇರಿದೆ. ಯಾರದೇ ಗಿಟಾರ್ ಬರಲಿ, ಮೂರು ಬೆಳಗು ಅದರ ಒಂದು ತಿರುಪನ್ನೂ ಮುಟ್ಟುವುದಿಲ್ಲ. ಯಜಮಾನರ ಅಳತೆಯಲ್ಲಿ ಕುರ್ಚಿ ಇಟ್ಟು, ಅವರ ಹಾಗೆ ಕಾಲಿಟ್ಟು, ಸುಮ್ಮನೆ ಕೂರುತ್ತಾರೆ. ಈ ನಿಯಮಕ್ಕೆ ಬರೀ ಒಂದೂವರೆ ತಿಂಗಳು. ಅದಕ್ಕೆ ಕಾರಣ ಈಗ ನಮ್ಮ ಮುಂದೆ ಬೂಟು ಹಾಕಿಕೊಂಡು ಕೂತಿದೆ.

ಈ ಉದ್ದನೆಯ ಕಾಲುಗಳು ಉದ್ದಜ್ಜನವು. ಹಗಲೆಲ್ಲ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು, ಸಂಜೆ ನೃತ್ಯದ ಹಾಲ್‌ನಲ್ಲಿ ಗಿಟಾರ್ ನುಡಿಸುತ್ತಿದ್ದರು. ನಲವತ್ತು ವರ್ಷ ನುಡಿಸಿದರು. ಅವರ ಗಿಟಾರಿಗೆ ಒಂದು ಐಬಿತ್ತು. ಪೆಡಲ್ ಒತ್ತಿದರೆ ತಂತಿಗಳ ಎಳೆತಕ್ಕೆ ಮರದ ಮೈ ಕೂದಲೆಳೆಯಷ್ಟು ಬಾಗುತ್ತಿತ್ತು. ಮೈ ಬಾಗಿದರೆ ಸ್ವರಗಳೆಲ್ಲ ಒಂದು ಚೂರು ಇಳಿಯುತ್ತವೆ. ಹಳೆಯ ಗಿಟಾರುಗಳಿಗೆಲ್ಲ ಇರುವ ರೋಗವೇ, ಇದಕ್ಕೆ ತುಸು ಜಾಸ್ತಿ ಇತ್ತು. ಹನ್ನೊಂದು ವರ್ಷದ ಹಿಂದೆ ಎಣ್ಣೆ ಹಾಕಿಸಲೆಂದು ಉದ್ದಜ್ಜ ಇಲ್ಲಿ ತಂದರು. ಅಕ್ಕ ಆ ಐಬು ಕಂಡರು. ಉದ್ದಜ್ಜ ಕೇಳದಿದ್ದರೂ, ಅಡಿಗೆ ಕಬ್ಬಿಣದ ಪಟ್ಟಿಯೊಂದನ್ನು ನಾಲ್ಕು ತಿರುಪಿನಲ್ಲಿ ಬಿಗಿದು ಬಾಗದ ಹಾಗೆ ಮಾಡಿದರು. ಸ್ವರ ಅಳೆಯುವ ಮೀಟರಿನ ಮುಳ್ಳು ನಟ್ಟನಡುವೆ ನಿಂತಿತು.

“ಬೆನ್ನು ತಟ್ಕೊಂಡೆ ನೋಡಿ. ಇವರಿಗೆ ಖುಷಿಯಾಗುತ್ತೆ ಅಂದ್ಕೊಂಡೆ.”

ಮೂರು ವಾರ ಬಿಟ್ಟು ಉದ್ದಜ್ಜ ವಾಪಸ್ ಬಂದರು. ಏನೋ ಸರಿಯಿಲ್ಲ, ಪೆಡಲ್ ಒತ್ತಿದಾಗಲೆಲ್ಲ ಅಪಸ್ವರ ಬರುತ್ತಿದೆ ಎಂದರು. ಅಕ್ಕ ಮೀಟರ್ ಇಟ್ಟು ತೋರಿಸಿದರು. ಮುಳ್ಳು ಅಲುಗಲಿಲ್ಲ. ಆಗ ಅಕ್ಕ ಒಂದು ಮಾತು ಆಡಿದರು. ಅದನ್ನು ನನಗೆ ಹೇಳುವಾಗ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ. “ಅಜ್ಜಾ, ಗಿಟಾರ್ ಚೆನ್ನಾಗಿದೆ. ನಿಮ್ಮ ಕಿವಿ ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ ಅಂದೆ. ನಕ್ಕೊಂಡೇ ಅಂದೆ. ಅವರೂ ನಕ್ರು. ಗಿಟಾರ್ ಎತ್ಕೊಂಡು ಹೋದ್ರು. ಮತ್ತೆ ಬರ್ಲಿಲ್ಲ.”

ಹೋದ ಚಳಿಗಾಲದಲ್ಲಿ ಉದ್ದಜ್ಜ ತೀರಿಕೊಂಡರು. ಒಂದೂವರೆ ತಿಂಗಳ ಹಿಂದೆ ಅವರ ಹೆಂಡತಿ ಗಿಟಾರ್ ತಂದು, ಧೂಳು ಒರೆಸಿ ಕೊಡಿ, ಮನೆಯಲ್ಲಿ ಕಣ್ಣೆದುರಿಗೆ ಇರಲಿ ಎಂದರು. ಬೂಟುಗಳನ್ನೂ ಜೊತೆಗೆ ತಂದಿದ್ದರು, ನಿಮ್ಮಲ್ಲಿ ಬೂಟು ಕೇಳುತ್ತೀರಲ್ಲ ಎಂದು. ಮಾತಿನ ನಡುವೆ, ಅವರು ನುಡಿಸುವುದು ಬಿಟ್ಟು ಹನ್ನೊಂದು ವರ್ಷವಾಗಿತ್ತು, ಕಿವಿ ಹೋಗಿತ್ತಲ್ಲ ಎಂದರು. ಡಾಕ್ಟರುಗಳಿಗೆ ಏನೂ ಕಾಣಲಿಲ್ಲವಂತೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಮಹಡಿಯ ಮೇಲಿಂದ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ, ಗಿಟಾರಿನ ಮುಂದೆ ಕೂತರೆ ಮಾತ್ರ, ನನಗೆ ಕೇಳುತ್ತಿಲ್ಲ ಎಂದು ಎದ್ದುಬಿಡುತ್ತಿದ್ದನಂತೆ.

ಅಜ್ಜಿ ಹೋದ ಮೇಲೆ ಅಕ್ಕ ಗಿಟಾರನ್ನು ಕಿಟಕಿಯ ಬಳಿ ಇಟ್ಟು ಭೂತಗನ್ನಡಿ ಹಿಡಿದರು. ಉದ್ದಜ್ಜನಿಗೆ ಎಡಗೈಯ ಹೆಬ್ಬೆರಳನ್ನು ಮರದ ಅಂಚಿಗೆ ತಾಗಿಸಿ ಜಾರಿಸುವ ಅಭ್ಯಾಸ. ನಲವತ್ತು ವರ್ಷದಲ್ಲಿ ಅಂಚು ಅಲ್ಲಲ್ಲಿ ಸವೆದಿತ್ತು. ಸ್ವರದ ಜಾಗ ತೋರಿಸುವ ಪ್ರತಿ ಗೆರೆಯ ಹತ್ತಿರವೂ ಎರಡೆರಡು ತಗ್ಗು. ಒಂದು ಗೆರೆಯ ಮೇಲೆ, ಇನ್ನೊಂದು ಕೂದಲೆಳೆಯಷ್ಟು ಮುಂದೆ.

“ಆಗ ನನಗೆ ಹೊಳೀತು. ಪೆಡಲ್ ಒತ್ತಿದಾಗ ಸ್ವರ ಇಳಿಯುತ್ತಲ್ಲ, ಅಷ್ಟನ್ನ ಅವರ ಕೈ ಕಡ್ಡೀನ ಮುಂದೆ ತಳ್ಳಿ ಸರಿ ಮಾಡ್ಕೋತಿತ್ತು. ಹಾಗೆ ಮಾಡ್ತೀನಿ ಅಂತ ಅವರಿಗೇ ಗೊತ್ತಿರ್ಲಿಲ್ಲ ಅನ್ಸುತ್ತೆ. ನಾನು ಪಟ್ಟಿ ಬಿಗಿದೆ, ಗಿಟಾರ್ ಸರಿಯಾಯ್ತು. ಕೈ ಮಾತ್ರ ಹಳೇ ಥರಾನೇ ಮುಂದೆ ಹೋಗ್ತಿತ್ತು. ಅಪಸ್ವರ ಬರ್ದೆ ಇನ್ನೇನು? ಅವರ ಕಿವಿಗೆ ಅದು ಕೇಳಿಸ್ತು. ಅಷ್ಟು ಒಳ್ಳೇ ಕಿವಿ. ನಾನು ಅದನ್ನೇ ಕೆಟ್ಟಿದೆ ಅಂದೆ.”

ನಾದಿನಿಗೆ ಇದೆಲ್ಲ ಇಷ್ಟವಿಲ್ಲ. ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. “ಅಜ್ಜಿಗೆ ಹೇಳೋದು ಬೇಡ ಅಂತ ದಿನಾ ಬಡ್ಕೋತಿದೀನಿ. ವಯಸ್ಸಾಗಿತ್ತು, ಕಿವಿ ಹೋಯ್ತು ಅಂತ ಅವರು ಸಮಾಧಾನ ಮಾಡ್ಕೊಂಡಿದಾರೆ. ಆ ಸಮಾಧಾನಾನೂ ಕಿತ್ಕೋಬೇಕಾ?”

“ಆ ಮನುಷ್ಯ ತನ್ನ ಕಿವಿ ಸತ್ತಿದೆ ಅಂದ್ಕೊಂಡೇ ಸತ್ತ. ಹೆಂಡ್ತಿಗಾದ್ರೂ ನಿಜ ಗೊತ್ತಾಗ್ಲಿ,” ಎನ್ನುತ್ತಾರೆ ಅಕ್ಕ.

“ಗೊತ್ತಾದ ಮೇಲೆ ನಿಮ್ಮ ಮುಖ ನೋಡ್ತಾರಾ?”

ಅಕ್ಕ ಸ್ಪ್ಯಾನರ್ ಒರೆಸಿ ಬೆಂಚಿನ ಮೇಲಿಡುತ್ತಾರೆ. ನಾದಿನಿ ಒಳಗೆ ಹೋಗಿ ಸುರುಳಿ ಹಿಡಿಯುತ್ತಾರೆ. ಒಂದು, ಎರಡು, ಮೂರು ಎಂದು ಗೊಣಗು ಶುರುವಾಗುತ್ತದೆ.

ಪಟ್ಟಿ ಬಿಚ್ಚಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅಷ್ಟು ಸುಲಭವಲ್ಲವಂತೆ. ಹನ್ನೊಂದು ವರ್ಷ ಪಟ್ಟಿಯ ಹಿಡಿತದಲ್ಲಿದ್ದ ಮರ ಹಳೆಯ ಬಾಗನ್ನು ಮರೆತಿತ್ತು. ಒಮ್ಮೆ ಜಾಸ್ತಿ ಬಾಗುತ್ತಿತ್ತು, ಒಮ್ಮೆ ಬಾಗುತ್ತಲೇ ಇರಲಿಲ್ಲ. ಐಬನ್ನು ಮೊದಲಿದ್ದಷ್ಟೇ, ಒಂದು ಎಳೆ ಹೆಚ್ಚಿಲ್ಲದೆ ಒಂದು ಎಳೆ ಕಡಿಮೆಯಿಲ್ಲದೆ ವಾಪಸ್ ತರಬೇಕು. ಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಪ್ರತಿ ಬೆಳಗ್ಗೆ ಉದ್ದಜ್ಜನ ಅಳತೆಯಲ್ಲಿ ಕೂತು, ಹೆಬ್ಬೆರಳನ್ನು ಎರಡನೆಯ ತಗ್ಗಿನಲ್ಲಿಟ್ಟು, ಸ್ವರ ಅಲ್ಲಿ ಕೂಡುವವರೆಗೆ ಮರದ ಮೈಯ ತುದಿಯ ತಿರುಪುಗಳನ್ನು ಸಡಿಲಿಸುತ್ತ, ಬಿಗಿಯುತ್ತ ಬಂದರು. ಹೀಗೆ ನಲವತ್ತಮೂರು ಬೆಳಗು. ನಿನ್ನೆ ಕೂಡಿತು. ಇವತ್ತು ಅಜ್ಜಿ ಬರುತ್ತಾರೆ.

ಆರೂವರೆಗೆ ಅಜ್ಜಿ ಬರುತ್ತಾರೆ. ಕುಳ್ಳಗಿನ, ಚುರುಕು ಕಣ್ಣಿನ ಮುದುಕಿ. ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದು, ಅದರೊಳಗಿನ ಉಕ್ಕಿನ ಕಡ್ಡಿಯನ್ನು ಅಕ್ಕನ ಕೈಗಿಡುತ್ತಾರೆ. ಅದು ಅವರ ಗಂಡನದು. ಮರದ ಕಾಲುಗಳನ್ನು ನೋಡಿ ಹೆದರುವುದಿಲ್ಲ. ಬಗ್ಗಿ ಬೂಟಿನ ಲಾಡಿ ಸರಿಮಾಡುತ್ತಾರೆ, ಅಷ್ಟೇ.

“ಒರೆಸಿದ್ದೀನಿ. ಒಂದ್ಸಲ ನುಡಿಸಿ ತೋರಿಸ್ತೀನಿ, ಕೂತ್ಕೊಳ್ಳಿ ಅಜ್ಜಿ,” ಎನ್ನುತ್ತಾರೆ ಅಕ್ಕ.

“ಇಲ್ಲಿ ಬೇಡ. ನಾನು ಆ ನೃತ್ಯದ ಹಾಲ್‌ನಲ್ಲಿ ಟಿಕೆಟ್ ಕೊಡ್ತಿದ್ದೆ. ನಲವತ್ತು ವರ್ಷ ಗೋಡೆ ಆಚೆಯಿಂದಲೇ ಕೇಳಿದ್ದು. ಎದುರಿಗೆ ಕೂತು ಕೇಳಿ ಅಭ್ಯಾಸ ಇಲ್ಲ.” ಹಾಗೆಂದು ಅಜ್ಜಿ ಒಳಕೋಣೆಗೆ ಹೋಗಿ, ನಾದಿನಿಯ ಪಕ್ಕದ ಸ್ಟೂಲಿನಲ್ಲಿ ಕೂತು, ಬಾಗಿಲು ಎಳೆದುಕೊಳ್ಳುತ್ತಾರೆ. ನಾದಿನಿಯ ಎಣಿಕೆ ನಿಂತಿಲ್ಲ. ಐನೂರ ಹನ್ನೆರಡು, ಐನೂರ ಹದಿಮೂರು.

ಅಕ್ಕ ಕಾಲುಗಳನ್ನು ಎತ್ತಿ ಗೋಡೆಗೆ ಒರಗಿಸುತ್ತಾರೆ. ಬೂಟು ಬಿಚ್ಚಿ, ಒಳಗೆ ಬಟ್ಟೆ ತುರುಕಿ, ತಾವು ಹಾಕಿಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂತು ಮೊಣಕಾಲುಗಳನ್ನು ಸನ್ನೆಗಳ ನಡುವೆ ತೂರಿಸುತ್ತಾರೆ. ಅಷ್ಟು ಸಾಕು, ಅವರ ಎಡಭುಜ ತಾನಾಗಿ ಇಳಿಯುತ್ತದೆ, ಕತ್ತು ಎಡಕ್ಕೆ ವಾಲುತ್ತದೆ. ಇಷ್ಟು ಹೊತ್ತು ನನ್ನ ಜೊತೆ ಮಾತಾಡುತ್ತಿದ್ದ ಹೆಂಗಸು ಹೀಗೆ ಕೂರುವವರಲ್ಲ. ಮೊಣಕಾಲು ಅಲ್ಲಿಟ್ಟರೆ ಮೈ ಹಾಗೇ ಬಾಗಬೇಕು, ಬೇರೆ ದಾರಿಯಿಲ್ಲ ಎಂದು ಆಮೇಲೆ ಅವರು ನನಗೆ ವಿವರಿಸಿದರು. ಆಗ ನನಗೆ ಯಾವ ವಿವರಣೆಯೂ ಹೊಳೆಯಲಿಲ್ಲ.

ನಿಧಾನದ ಒಂದು ರಾಗ. ಪೆಡಲ್ ಒತ್ತುತ್ತಲೇ ಸ್ವರ ಒಂದಿಷ್ಟು ಜಾರುತ್ತದೆ. ಹೆಬ್ಬೆರಳು ಮುಂದಿನ ತಗ್ಗಿಗೆ ಹೋಗುತ್ತದೆ, ಸ್ವರ ಎದ್ದು ನಿಲ್ಲುತ್ತದೆ. ಜಾರುವುದು, ಏಳುವುದು. ಬಿಕ್ಕಿದ ಹಾಗೆ. ನಾನು ಅಕ್ಕನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಅವರು ತಳ್ಳಿದ್ದಕ್ಕೆ ಹೋಗುತ್ತಿತ್ತೋ, ಅದು ಹೋದ ಕಡೆ ಅವರು ಹೋಗುತ್ತಿದ್ದರೋ, ಪ್ರಮಾಣ ಮಾಡಿ ಹೇಳಲಾರೆ. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆ ಎಂದು ನನಗೆ ಅನ್ನಿಸಲಿಲ್ಲ.

ಒಳಗೆ ಎಣಿಕೆ ನಿಂತುಹೋಯಿತು. ಎಂಟುನೂರ ಚಿಲ್ಲರೆಯಲ್ಲಿ, ನಟ್ಟನಡುವೆ.

ರಾಗ ಮುಗಿಯುತ್ತದೆ. ತಂತಿ ಪೂರ್ತಿ ಸುಮ್ಮನಾಗುವ ಮೊದಲೇ ಬಾಗಿಲಾಚೆಯಿಂದ ಅಜ್ಜಿಯ ದನಿ ಕೇಳುತ್ತದೆ. ನಮ್ಮ ಜೊತೆ ಆಡಿದ ದನಿಯಲ್ಲ, ಅದಕ್ಕಿಂತ ಚಿಕ್ಕ ವಯಸ್ಸಿನದು, ಸ್ವಲ್ಪ ಗದರುವಂಥದ್ದು.

“ಏನ್ರೀ, ಇವತ್ತು ಬೇಗ ಮುಗಿಸಿಬಿಟ್ರಾ?”

ಅಕ್ಕನ ಕೈ ತಂತಿಯ ಮೇಲೇ ನಿಂತಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಅಜ್ಜಿ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಅವರ ಹಿಂದೆ ನಾದಿನಿ ಬಿಳಿಚಿಕೊಂಡು ನಿಂತಿದ್ದಾರೆ.

“ಕತ್ತು ನೆಟ್ಟಗೆ ಮಾಡು ತಾಯಿ. ಅವರ ಹಾಗೆ ವಾಲಿಸ್ಬೇಡ, ನನಗೆ ನೋಡೋಕಾಗಲ್ಲ,” ಎನ್ನುತ್ತಾರೆ ಅಜ್ಜಿ.

ಅಕ್ಕ ಎದ್ದು ನಿಲ್ಲುತ್ತಾರೆ. ದೊಡ್ಡ ಬೂಟುಗಳಲ್ಲಿ ಎಡವಿ, ಬೆಂಚಿನ ಮೇಲಿದ್ದ ಕಬ್ಬಿಣದ ಪಟ್ಟಿಯನ್ನು ತೆಗೆದುಕೊಂಡು ಅಜ್ಜಿಯ ಮುಂದೆ ಹಿಡಿಯುತ್ತಾರೆ. ಕಲಿತಿಟ್ಟುಕೊಂಡ ಮಾತುಗಳೆಲ್ಲ ಮರೆತುಹೋದದ್ದು ಮುಖದಲ್ಲೇ ಕಾಣುತ್ತದೆ.

“ಅಜ್ಜಿ, ಅವರ ಕಿವಿ ಹೋಗಿರ್ಲಿಲ್ಲ. ಗಿಟಾರನ್ನ ನಾನು ಬದಲಾಯಿಸಿದ್ದೆ. ಅವರನ್ನ ಕೇಳ್ದೆ ಇದನ್ನ ಬಿಗಿದಿದ್ದೆ. ಅವರಿಗೆ ಸರಿಯಾಗೇ ಕೇಳಿಸ್ತಿತ್ತು. ಕಿವಿ ತೋರಿಸ್ಕೊಳ್ಳಿ ಅಂತ ಅವರಿಗೆ ಹೇಳಿದವಳೂ ನಾನೇ.”

ಅಜ್ಜಿ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಗೇಣುದ್ದದ ಕಬ್ಬಿಣ, ನಾಲ್ಕು ತೂತು. ತಿರುಗಿಸಿ ನೋಡುತ್ತಾರೆ, ತೂಗಿ ನೋಡುತ್ತಾರೆ. ಪಕ್ಕದ ಕಟ್ಟಡದ ಪಂಪು ನಿಂತಿದೆ, ಗಿಟಾರೂ ನರಳುತ್ತಿಲ್ಲ.

“ದಿನಾ ಸಾಯಂಕಾಲ ಮಗ್ಗುಲಾಗಿ ಮಲಗಿಸಿ ಹನಿ ಬಿಡ್ತಿದ್ದೆ,” ಎನ್ನುತ್ತಾರೆ ಕೊನೆಗೆ. “ಈ ಕಿವಿಗೆ ಮೂರು, ಆ ಕಿವಿಗೆ ಮೂರು. ಸಾಕು ಕಣೇ, ಉರಿಯುತ್ತೆ ಅಂತಿದ್ರು. ಸುಮ್ನಿರಿ ಅಂತ ಗದರಿಸ್ತಿದ್ದೆ. ಹನ್ನೊಂದು ವರ್ಷ. ಚೆನ್ನಾಗಿದ್ದ ಕಿವಿಗೆ.”

ಅಕ್ಕ ಅಳುತ್ತಾರೆ. ಅಜ್ಜಿ ಅಳುವುದಿಲ್ಲ.

“ನಿನ್ನನ್ನ ಬೈಯೋಕೆ ಬಾಯಿ ಬರ್ತಿಲ್ಲ. ಹೋಗ್ಲಿ ಬಿಡು ಅನ್ನೋಕೂ ಆಗ್ತಿಲ್ಲ,” ಎಂದು ಅಜ್ಜಿ ಪಟ್ಟಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. “ಗಿಟಾರ್ ನನ್ನ ಮನೇಲಿ ಮೂಗಿಯ ಥರ ಕೂತು ಏನು ಮಾಡ್ಬೇಕು? ಇಲ್ಲೇ ಇರ್ಲಿ. ವಾರಕ್ಕೊಂದು ಬೆಳಗ್ಗೆ ಬರ್ತೀನಿ. ನಾನು ಆಚೆ ಕೂರ್ತೀನಿ, ನೀನು ನುಡಿಸು. ಬಾಗಿಲು ಹಾಕಿರ್ಬೇಕು. ನಾನು ಏನಾದ್ರೂ ಕೇಳಿದ್ರೆ ನೀನು ಮಾತಾಡ್ಬಾರ್ದು, ತಿಳೀತಾ?”

ಅಕ್ಕ ತಲೆಯಾಡಿಸುತ್ತಾರೆ. ಅಜ್ಜಿ ಹೊರಟುಹೋಗುತ್ತಾರೆ. ನಾದಿನಿ ಒಳಗೆ ಕೂತು, ಹಾಳಾದ ಸುರುಳಿಯನ್ನು ಬಿಚ್ಚಿ, ಮೊದಲಿನಿಂದ ಎಣಿಸಲು ಶುರುಮಾಡುತ್ತಾರೆ.

ಅಕ್ಕ ಗಿಟಾರನ್ನು ಮಗುಚುತ್ತಾರೆ. ಪಟ್ಟಿ ಇದ್ದ ಜಾಗದಲ್ಲಿ ಮರದ ಬಣ್ಣ ತಿಳಿಯಾಗಿ ಉಳಿದಿದೆ. ಸಣ್ಣ ಕುಂಚ ತೆಗೆದುಕೊಂಡು, ಬಿಳಿ ಬಣ್ಣದಲ್ಲಿ ಅಲ್ಲೇ ಬರೆಯತೊಡಗುತ್ತಾರೆ. ತಾವು ಕಟ್ಟಿದ ಮೂವತ್ತೊಂದರಲ್ಲಿ ಒಂದರ ಮೇಲೂ ಹೆಸರು ಬರೆದುಕೊಂಡವರಲ್ಲ. ಇಲ್ಲೂ ಹೆಸರಿಲ್ಲ. “ಇದು ಐಬಲ್ಲ. ಇದನ್ನು ನುಡಿಸಿದವರ ಕೈ ಹೀಗಿತ್ತು. ಸರಿ ಮಾಡಬೇಡಿ” ಎಂದು ಬರೆದು, ಅಕ್ಷರ ಒಣಗಲೆಂದು ಬಾಯಲ್ಲಿ ಊದುತ್ತಾರೆ.

ಮೂವತ್ತೆಂಟು ವರ್ಷದ ದುಡಿಮೆಗೆ ಏನಾದರೂ ಆಸೆ ಉಳಿದಿದೆಯೇ ಎಂದು ನಾನು ಕೇಳುತ್ತೇನೆ. ನಮ್ಮಂಥವರು ಕೊನೆಗೆ ಕೇಳುವ ಪ್ರಶ್ನೆಯೇ ಅದು. ಅಕ್ಕ ಕುಂಚ ತೊಳೆಯುತ್ತ ಹೇಳುತ್ತಾರೆ:

“ನಾನು ಹೋದ ಮೇಲೆ ಇದು ಯಾರದ್ದೋ ಕೈಗೆ ಸಿಗುತ್ತೆ. ಮೀಟರ್ ಹಿಡ್ಕೊಂಡು ಬರ್ತಾರೆ, ನನ್ನ ಹಾಗೇ ಬುದ್ಧಿವಂತರು. ಒಂದು ತಿರುಪು ಮುಟ್ಟೋ ಮುಂಚೆ ಅವರು ಇದನ್ನ ಒಂದ್ಸಲ ಮಗುಚಿ ನೋಡ್ಲಿ. ಅಷ್ಟೇ.”